ಬರಮನ ಮನೆಯ ಮೂರು ಓಕ್ ಮರಗಳು

ಬಹಳ ಹಿಂದೆ, ಬೆಟ್ಟಗಳಿಗೆಲ್ಲ ಇನ್ನೂ ಹೆಸರಿಟ್ಟು ಮುಗಿದಿರದ ಕಾಲದಲ್ಲಿ, ಚಳಿಗೆರೆ ಎಂಬ ಒಂದು ರಾಜ್ಯವಿತ್ತು. ವರ್ಷದಲ್ಲಿ ಅರ್ಧ ಮಂಜು, ಉಳಿದರ್ಧ ಗಾಳಿ. ಬೇರೆ ಮರ ತಡೆಯದ ಆ ಚಳಿಯಲ್ಲಿ ಓಕ್ ಮರಗಳು ಮಾತ್ರ ಹಾಯಾಗಿ ಬೆಳೆಯುತ್ತಿದ್ದವು. ಆ ರಾಜ್ಯದಲ್ಲಿ ಬರಮ ಎಂಬ ಮರ ಕಡಿಯುವವನಿದ್ದ. ಕೊಡಲಿ ಹಿಡಿದರೆ ಅವನನ್ನು ಮೀರಿಸುವವರಿರಲಿಲ್ಲ. ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು, ಅದೇ ಸ್ವಲ್ಪ ತೊಂದರೆ. ಹಿಡಿದ ಮರವನ್ನು ಅರ್ಧಕ್ಕೆ ಬಿಡಬೇಡ, ಕೊನೆಯ ಎಳೆಯವರೆಗೂ ಕಡಿ ಎಂದು ಅವನ ಅಪ್ಪ ಸಾಯುವಾಗ ಹೇಳಿ ಹೋಗಿದ್ದ. ಬರಮ ಅದನ್ನು ವೇದವಾಕ್ಯ ಮಾಡಿಕೊಂಡಿದ್ದ.

ಅದೇ ರಾಜ್ಯದಲ್ಲಿ ಬೂದಿಗಣ್ಣ ಎಂಬ ಮಾಂತ್ರಿಕನೂ ಇದ್ದ. ಅವನ ಕಣ್ಣಲ್ಲಿ ಬಿಳಿ ಇಲ್ಲ, ಕಪ್ಪಿಲ್ಲ, ಬರೀ ಬೂದಿ. ಕಬ್ಬಿಣದ ಸೈನಿಕರನ್ನು ಎರಕ ಹೊಯ್ದು ರಾಜ್ಯ ಕಿತ್ತುಕೊಳ್ಳಬೇಕೆಂದು ಅವನಿಗೆ ಆಸೆ. ಎರಕಕ್ಕೆ ಕುಲುಮೆ ಬೇಕು, ಕುಲುಮೆಗೆ ಇದ್ದಿಲು ಬೇಕು, ಇದ್ದಿಲಿಗೆ ಕಾಡೇ ಬೇಕು. ಒಂದು ದಿನ ಅವನು ಬರಮನನ್ನು ಕರೆದು, ಚಳಿಗೆರೆಯ ಅಷ್ಟೂ ಕಾಡನ್ನು ಕಡಿದುಕೊಡು ಎಂದ. ಬರಮ ಆಗೋದಿಲ್ಲ ಅಂದ. ಹಸಿವಾಯಿತು ಅಂತ ಬಿತ್ತನೆ ಕಾಳನ್ನೇ ಬೇಯಿಸಿ ತಿನ್ನೋ ಜಾತಿ ನಮ್ಮದಲ್ಲ ಎಂದು ಹೇಳಿ ಎದ್ದು ಬಂದ. ಸರಿಯಾಗೇ ಹೇಳಿದ, ಆದರೆ ಮಾಂತ್ರಿಕರಿಗೆ ಸರಿಯಾದ ಮಾತು ಯಾವತ್ತೂ ಸೇರುವುದಿಲ್ಲ.

ಮರುದಿನ ಬರಮ ಕಾಡಿಗೆ ಹೋಗಿದ್ದಾಗ ಅವನ ಹೆಂಡತಿ ಹೊನ್ನಾಯಿಗೆ ಹೆರಿಗೆಯಾಯಿತು. ಸುದ್ದಿ ಕೇಳಿ ಅವನು ಓಡಿ ಬಂದು ನೋಡುತ್ತಾನೆ, ಬೆಳಿಗ್ಗೆ ಬರೀ ಅಂಗಳವಿದ್ದ ಕಡೆ ಮೂರು ಓಕ್ ಮರಗಳು ನಿಂತಿದ್ದವು. ಒಂದೊಂದೂ ಆರು ಆಳು ತಬ್ಬಿದರೂ ಕೈಗೆ ಸಿಕ್ಕದಷ್ಟು ದಪ್ಪ. ಕೊಂಬೆಗಳು ಹೆಂಚಿನ ಮೇಲೆಲ್ಲ ಚಾಚಿ, ಕಿಟಕಿಗಳನ್ನೆಲ್ಲ ಮುಚ್ಚಿ, ಒಳಗೆ ಕತ್ತಲೆ ತುಂಬಿತ್ತು. ಬೂದಿಗಣ್ಣ ಬೇಲಿಯ ಮೇಲೆ ಕೂತು ಕಾಲಾಡಿಸುತ್ತಿದ್ದ.

"ಮರ ಅಂದ್ರೆ ನಿಂಗೆ ಅಷ್ಟು ಪ್ರೀತಿ ಅಲ್ವಾ? ಮನೆ ಬಾಗಿಲಲ್ಲೇ ಇಟ್ಕೋ" ಎಂದ. ಆಮೇಲೆ ತನ್ನ ಮಾಟದ ಕಟ್ಟಳೆ ಹೇಳಿದ. ಒಳಗಿರುವ ಜೀವ ಹೊಸಿಲು ದಾಟಿದರೆ ಅಲ್ಲೇ ಗಿಡವಾಗುತ್ತದೆ. ಮರಗಳು ದಿನಕ್ಕೊಂದು ಗೇಣು ಮನೆಯತ್ತ ಬಾಗುತ್ತವೆ. ಹನ್ನೆರಡನೆಯ ದಿನ, ಮಗುವನ್ನು ತೊಟ್ಟಿಲಿಗೆ ಹಾಕುವ ಹೊತ್ತಿಗೆ, ಮನೆಯ ಮೇಲೆ ಮಲಗುತ್ತವೆ. ಮೂರೂ ಉರುಳಿದರೆ ಮಾಟ ಮುರಿಯುತ್ತದೆ, ಆದರೆ ಕೊಂಬೆಯೊಂದು ಮನೆಯ ಮೇಲೆ ಬಿದ್ದರೂ ಮನೆ ಪುಡಿಯಾಗುತ್ತದೆ. ಇಷ್ಟು ಹೇಳಿ ಅವನು ಹೊಗೆಯಾಗಿ ಹೋದ. ಅವನು ಸುಳ್ಳು ಹೇಳಿರಲಿಲ್ಲ. ಒಳಗಿದ್ದ ಕೋಳಿಯೊಂದು ಹೊಸಿಲು ದಾಟಿತು, ಬರಮ ನೋಡನೋಡುತ್ತಿದ್ದಂತೆ ಬಾಗಿಲಲ್ಲಿ ತುಂಬೆ ಗಿಡವಾಗಿ ನಿಂತಿತು.

ಬರಮ ಕೊಡಲಿ ಕೆಳಗೆಸೆದ. ಸತ್ತರೆ ಮೂವರೂ ಒಟ್ಟಿಗೇ ಸಾಯೋಣ ಎಂದು ಒಳಗೆ ನುಗ್ಗಲು ಹೊರಟ. ಕತ್ತಲೆಯೊಳಗಿಂದ ಹೊನ್ನಾಯಿ ತಡೆದಳು.

"ನೀನೂ ಒಳಗೆ ಬಂದ್ರೆ ಹೊರಗೆ ನಮ್ಮೋರು ಅಂತ ಯಾರಿರ್ತಾರೆ? ನಿನ್ನ ಮಗಳನ್ನ ನೋಡಬೇಕಂದ್ರೆ ಮರ ಬೀಳಿಸು."

ಬರಮ ಕೊಡಲಿ ಎತ್ತಿ ಮೊದಲ ಮರಕ್ಕೆ ಹಾಕಿದ. ಕೊಡಲಿ ಕಾವು ಕುಲಕ್ಕೆ ಮೃತ್ಯು ಅಂತ ಗಾದೆ ಇದೆಯಲ್ಲ, ಇಲ್ಲಿ ಕಾವಿಗೆ ಇದ್ದಕ್ಕಿದ್ದಂತೆ ಕುಲದ ನೆನಪು ಬಂತು. ಅದು ಅವನ ಕೈಯಲ್ಲೇ ಚಿಗುರಿ, ಎಲೆ ಬಿಟ್ಟು, ಮರಕ್ಕೆ ಬೆಸೆದುಕೊಂಡಿತು. ಎರಡನೆಯ ಕೊಡಲಿ ತಂದ, ಅದೂ ಚಿಗುರಿತು. ಮೂರನೆಯದೂ ಚಿಗುರಿತು. ಅರಮನೆಗೆ ಓಡಿದರೆ ರಾಜರು ಬಹಳ ನೊಂದುಕೊಂಡು, ಒಂದು ತಟ್ಟೆ ಹಣ್ಣು ಕೊಟ್ಟು ಕಳಿಸಿದರು. ಅರಮನೆಯ ಬಾಗಿಲು ಕಾಯುವ ಮುದುಕ ಮಾತ್ರ ಒಂದು ಉಪಕಾರ ಮಾಡಿದ. ಮೂರು ಬೆಟ್ಟದ ಆಚೆ ಸೋಬಕ್ಕ ಅಂತಿದ್ದಾಳೆ, ಅವಳ ಗರಗಸದಲ್ಲಿ ಕಟ್ಟಿಗೆಯ ಚೂರೂ ಇಲ್ಲ, ಅವಳನ್ನು ಕೇಳು ಅಂದ.

ಮೂರು ದಿನ ನಡೆದು ಬರಮ ಸೋಬಕ್ಕನ ಗುಡಿಸಲು ಮುಟ್ಟಿದ. ಐವತ್ತು ದಾಟಿದ ಕುಳ್ಳಿ, ಎಡಚಿ. ಹಿಂದೆ ಒಬ್ಬ ಕಮ್ಮಾರ ಭೂತಕ್ಕೆ ಅವಳು ಜ್ವರ ಬಿಡಿಸಿದ್ದಳು, ಅದು ಖುಷಿಯಾಗಿ ಒಂದು ಗರಗಸ ಮಾಡಿಕೊಟ್ಟಿತ್ತು. ಹಲ್ಲೆಲ್ಲ ಒಂದು ಸರಪಳಿಗೆ ಕೂತಿದ್ದವು, ಸರಪಳಿ ಒಂದು ಉದ್ದನೆಯ ಉಕ್ಕಿನ ನಾಲಗೆಯ ಸುತ್ತ ಓಡುತ್ತಿತ್ತು. ಹಿಡಿ ಕೋಣದ ಕೊಂಬಿನದು. ಹರಳೆಣ್ಣೆ ಕುಡಿಸಿ, ತೊಗಲಿನ ದಾರ ಸರಕ್ಕನೆ ಎಳೆದರೆ ಅದು ಹೊಗೆ ಕಾರಿ ಗರ್ಜಿಸುತ್ತಿತ್ತು. ನಗಬೇಡಿ, ನೀವು ಈಗ ಮರದ ಡಿಪೋಗಳಲ್ಲಿ ನೋಡುವ ಯಂತ್ರ ಅದರ ಮರಿಮೊಮ್ಮಗ.

ಬರಮ ನಡೆದದ್ದೆಲ್ಲ ಹೇಳಿಕೊಂಡ. ಅವಳು ಕನಿಕರದ ಮಾತೇನೂ ಆಡಲಿಲ್ಲ. ಮನೆಯಿಂದ ಮರ ಎಷ್ಟು ದೂರ, ಯಾವ ಕಡೆಗೆ ವಾಲಿದೆ, ಗಾಳಿ ಎತ್ತಣಿಂದ ಎಂದು ಮೂರೇ ಪ್ರಶ್ನೆ ಕೇಳಿ, ಗರಗಸ ಹೆಗಲಿಗೇರಿಸಿ ಹೊರಟಳು.

ಅವರು ಊರು ಮುಟ್ಟಿದಾಗ ಏಳು ದಿನ ಕಳೆದಿತ್ತು. ಎಂಟನೆಯ ದಿನವಿಡೀ ಸೋಬಕ್ಕ ಗರಗಸ ಮುಟ್ಟಲೇ ಇಲ್ಲ. ಒಂದೊಂದು ಮರವನ್ನೂ ಸುತ್ತಿದಳು, ಕೂತು ನೋಡಿದಳು, ಮಲಗಿ ನೋಡಿದಳು, ಕಲ್ಲಿನಿಂದ ತಟ್ಟಿ ಕಿವಿಯಿಟ್ಟಳು. ಬರಮನಿಗೆ ಮೈಯೆಲ್ಲ ಉರಿಯಿತು. ಇರೋ ನಾಲ್ಕು ದಿನದಲ್ಲಿ ಒಂದನ್ನು ಪ್ರದಕ್ಷಿಣೆಗೇ ಕಳೆದಳಲ್ಲ ಎಂದು ಒಳಗೊಳಗೇ ಬೈದುಕೊಂಡ. ಬೈದದ್ದು ಅವಳಿಗೆ ಕೇಳಿಸಿತೋ ಏನೋ, ನೋಡದೆ ಕೊಯ್ಯೋರು ಬಹಳ ಜನ ಇದ್ರು, ಈಗ ಯಾರೂ ಇಲ್ಲ ಎಂದಳು.

ಒಂಬತ್ತನೆಯ ದಿನ ಮೊದಲ ಮರ. ಅದು ಮನೆಯತ್ತ ಅಷ್ಟಾಗಿ ಬಾಗಿರಲಿಲ್ಲ. ಸೋಬಕ್ಕ ಮನೆಗೆ ಬೆನ್ನು ಮಾಡಿ ನಲವತ್ತು ಹೆಜ್ಜೆ ನಡೆದು ನೆಲದಲ್ಲಿ ಒಂದು ಗೂಟ ನೆಟ್ಟಳು. ಮರ ಇದರ ನೆತ್ತಿಯ ಮೇಲೆ ಬೀಳುತ್ತೆ ಅಂದಳು. ಬರಮ ಮುಖ ತಿರುಗಿಸಿ ನಕ್ಕ. ಅವಳು ದಾರ ಎಳೆದಳು, ಗರಗಸ ಗರ್ಜಿಸಿತು. ಆಗ ಮರ ಮನುಷ್ಯರ ದನಿಯಲ್ಲಿ ಅಳತೊಡಗಿತು. ನಾನು ನಿನ್ನ ಅಜ್ಜಿ, ನಾನು ನಿನ್ನ ತಾಯಿ, ನಾನು ನಿನ್ನ ಸತ್ತ ಗಂಡ ಎಂದು ಸರದಿಯಾಗಿ ಗೋಗರೆಯಿತು. ಗರಗಸದ ಅಬ್ಬರದಲ್ಲಿ ಸೋಬಕ್ಕನಿಗೆ ಅದರಲ್ಲಿ ಒಂದಕ್ಷರವೂ ಕೇಳಿಸಲಿಲ್ಲ. ಅಳು ವ್ಯರ್ಥವಾಯಿತು, ಪಾಪ.

ಗೂಟದ ಕಡೆಗೆ ಮುಖ ಮಾಡಿದ ಮಗ್ಗುಲಲ್ಲಿ ಅವಳು ತೆರೆದ ಬಾಯಿಯ ಹಾಗೆ ಒಂದು ಕಚ್ಚು ತೆಗೆದಳು. ಆಮೇಲೆ ಹಿಂದಿನಿಂದ ಕೊಯ್ಯುತ್ತ ಬಂದಳು. ಹೊಟ್ಟು ಅವಳ ಮೊಣಕಾಲಿನವರೆಗೂ ಬಿತ್ತು. ಕೊಯ್ತ ಕಚ್ಚನ್ನು ಇನ್ನೇನು ಮುಟ್ಟಬೇಕು, ಎರಡು ಬೆರಳಷ್ಟು ಮರ ಉಳಿದಿದೆ, ಅಷ್ಟಕ್ಕೆ ನಿಲ್ಲಿಸಿಬಿಟ್ಟಳು. ಬರಮನಿಗೆ ತಡೆಯಲಾಗಲಿಲ್ಲ. ಇನ್ನೆರಡು ಬೆರಳು ಇದೆ, ಮುಗಿಸು ಎಂದು ಕೂಗಿದ. ಅವಳು ಕೊಂಬಿನ ಬೆಣೆಯನ್ನು ಕೊಯ್ತಕ್ಕೆ ತುರುಕಿ, ಕಬ್ಬಿಣದ ಸುತ್ತಿಗೆಯಿಂದ ಮೂರು ಏಟು ಹಾಕಿದಳು. ಮರ ನಿಧಾನವಾಗಿ, ಆ ಎರಡು ಬೆರಳಿನ ಮೇಲೆ ಬಾಗಿಲು ತಿರುಗಿದಂತೆ ತಿರುಗಿ, ಹೋಗಿ ಗೂಟದ ನೆತ್ತಿಯ ಮೇಲೆ ಮಲಗಿತು. ಗೂಟ ನೆಲಕ್ಕಿಳಿದು ಕಾಣದಾಯಿತು. ಮನೆಯ ಒಂದು ಹೆಂಚೂ ಅಲುಗಲಿಲ್ಲ.

ಇಪ್ಪತ್ತು ವರ್ಷ ಮರ ಕಡಿದ ಬರಮ ಬಾಯಿ ತೆರೆದು ನಿಂತಿದ್ದ. ಅವನೆಷ್ಟು ಮರ ಬೀಳಿಸಿದ್ದನೋ, ಅವೆಲ್ಲ ತಮಗೆ ಬೇಕಾದ ಕಡೆ ಬಿದ್ದಿದ್ದವು. ಅವಳು ಬೀಳಿಸಿದ್ದು ಅವಳು ಹೇಳಿದ ಕಡೆ ಬಿತ್ತು. ಆ ಕುಳ್ಳಿಯ ಕಾಲು ಮುಟ್ಟಬೇಕು ಅನ್ನಿಸಿತು ಅವನಿಗೆ, ನಾಚಿಕೆ ಬಿಡಲಿಲ್ಲ. ಸೋಬಕ್ಕ ಬೆವರು ಒರೆಸಿಕೊಂಡು ಅವನ ಹತ್ತಿರ ಬಂದಳು.

"ಮರಾನ ಬೀಳಿಸೋದು ಕೊಯ್ದದ್ದಲ್ಲ ತಮ್ಮಾ, ಉಳಿಸಿದ್ದು. ಆ ಎರಡು ಬೆರಳೇ ಅದನ್ನ ಕೈಹಿಡಿದು ಕರಕೊಂಡು ಹೋಗೋದು. ಅದನ್ನೂ ಕೊಯ್ದರೆ ಮರ ಯಾರ ಮಾತೂ ಕೇಳೋದಿಲ್ಲ. ನನ್ನ ಗಂಡ ಅದನ್ನೂ ಕೊಯ್ದ."

ಇಷ್ಟು ಹೇಳಿ ಅವಳು ಗರಗಸಕ್ಕೆ ಎಣ್ಣೆ ಕುಡಿಸಲು ಹೋದಳು.

ಹತ್ತನೆಯ ದಿನ ಎರಡನೆಯ ಮರ. ಇದು ಒಳಗೆ ಪೊಳ್ಳು ಎಂದು ತಟ್ಟಿದಾಗಲೇ ಅವಳಿಗೆ ತಿಳಿದಿತ್ತು. ಪೊಳ್ಳಿನಲ್ಲಿ ಬೂದಿಗಣ್ಣನ ಎರಡು ತಲೆಯ ಕರಡಿ ಮಲಗಿತ್ತು, ಅದು ಮಾತ್ರ ತಿಳಿದಿರಲಿಲ್ಲ. ಗರಗಸ ತೊಗಟೆ ದಾಟುತ್ತಿದ್ದಂತೆ ಕರಡಿ ಹೊರಗೆ ಹಾರಿ ಒಂದೇ ಏಟಿಗೆ ಸೋಬಕ್ಕನ ಎಡಭುಜವನ್ನು ಸೀಳಿತು. ಅವಳು ಗರಗಸ ಬಿಡಲಿಲ್ಲ, ಹಿಡಿಯನ್ನು ಇನ್ನೂ ಒತ್ತಿ ಅದರ ಅಬ್ಬರ ಏರಿಸಿದಳು. ಕರಡಿಗೆ ಕಿವಿ ನಾಲ್ಕು, ಮುಚ್ಚಿಕೊಳ್ಳಲು ಕೈ ಎರಡೇ. ಒಂದು ತಲೆಯ ಕಿವಿ ಮುಚ್ಚಿದರೆ ಇನ್ನೊಂದು ತಲೆ ಚೀರುತ್ತಿತ್ತು. ಕೊನೆಗೆ ಎರಡೂ ತಲೆಗಳು ಒಂದನ್ನೊಂದು ಬೈದುಕೊಳ್ಳುತ್ತ ಬೆಟ್ಟ ಹತ್ತಿ ಓಡಿದವು. ರಕ್ತ ಸುರಿಯುತ್ತಿದ್ದರೂ ಸೋಬಕ್ಕ ಆ ಮರವನ್ನು ಬೀಳಿಸಿಯೇ ಕೂತಳು. ಅದೂ ಹೇಳಿದ ಕಡೆಯೇ ಬಿತ್ತು. ಇಂಥ ಹೆಂಗಸು ಲಕ್ಷಕ್ಕೊಬ್ಬಳು, ಬರಮ ಆವತ್ತು ಅದನ್ನು ಬಾಯಿಬಿಟ್ಟೇ ಹೇಳಿದ. ಹೊಗಳಿಕೆ ಆಮೇಲೆ, ಮೊದಲು ಗಾಯ ಕಟ್ಟು ಎಂದಳು ಅವಳು.

ಹನ್ನೊಂದನೆಯ ದಿನ ಬೆಳಗಾದಾಗ ಅವಳ ಎಡಗೈ ಮೇಲೇಳಲಿಲ್ಲ. ಮೂರನೆಯ ಮರವೋ ಮೂರರಲ್ಲೂ ದೊಡ್ಡದು, ಪೂರ್ತಿ ಮನೆಯ ಮೇಲೆಯೇ ವಾಲಿತ್ತು. ಕೊಂಬೆಗಳು ಹೆಂಚಿಗೆ ಒಂದೇ ಗೇಣು. ಸೋಬಕ್ಕ ಗರಗಸವನ್ನು ಬರಮನ ಕೈಗಿಟ್ಟಳು. ಅವನು ಅದನ್ನು ಅವಳತ್ತಲೇ ಚಾಚಿದ. ತನ್ನಿಂದ ಆಗದು ಅಂದ. ಆಗದಿದ್ದರೆ ನಾಳೆ ಏನಾಗುತ್ತೆ ಅಂತ ನಿನಗೇ ಗೊತ್ತು ಅಂದಳು. ಮನೆಯ ವಿರುದ್ಧ ದಿಕ್ಕಿನ ಬಯಲನ್ನು ತೋರಿಸಿ, ಅಲ್ಲಿಗೆ ಬೀಳಿಸು ಎಂದಳು. ಈ ಸಲ ಗೂಟ ನೆಡೋದಿಲ್ವಾ ಎಂದು ಅವನು ಕೇಳಿದ. ಗೂಟ ತಾನಾಗೇ ಬರುತ್ತೆ ಎಂದಳು ಅವಳು.

ಬಂತು. ಬೂದಿಗಣ್ಣ ಒಂದು ಕುರ್ಚಿ ತಂದು ಆ ಬಯಲಿನ ನಡುವೆಯೇ ಹಾಕಿಕೊಂಡು ಕೂತ. ಮರ ವಾಲಿದ ಕಡೆಗೇ ಬೀಳುತ್ತೆ, ಹಾಗಾಗಿ ಆಚೆ ಕಡೆ ಕೂತರೆ ಕ್ಷೇಮ, ನೋಟವೂ ಚೆನ್ನ ಎಂದು ಅವನ ಲೆಕ್ಕ. ಮಂತ್ರ ಸಾವಿರ ಕಲಿತಿದ್ದ, ಮರದ ಕೆಲಸ ಒಂದು ದಿನವೂ ಮಾಡಿರಲಿಲ್ಲ.

ಬರಮ ದಾರ ಎಳೆದ. ಬಯಲಿನ ಕಡೆ ಕಚ್ಚು ತೆಗೆದ, ಮನೆಯ ಕಡೆಯಿಂದ ಕೊಯ್ಯತೊಡಗಿದ. ಕೊಯ್ತ ಮುಚ್ಚಿಕೊಳ್ಳದ ಹಾಗೆ ಸೋಬಕ್ಕ ಬಲಗೈಯಲ್ಲೇ ಬೆಣೆ ಸೇರಿಸುತ್ತ ಹೋದಳು. ಮರ ಹತ್ತು ಬೆರಳು ಉಳಿಯಿತು, ಐದು ಉಳಿಯಿತು, ಮೂರು ಉಳಿಯಿತು. ಆಗ ಬೂದಿಗಣ್ಣ ಬರಮನ ಸತ್ತ ಅಪ್ಪನ ದನಿ ತೆಗೆದ. ಅದು ಗರಗಸದ ಅಬ್ಬರವನ್ನೂ ಮೀರಿ, ಕಿವಿಯಿಂದಲ್ಲ, ತಲೆಯೊಳಗಿಂದಲೇ ಕೇಳಿಸಿತು.

"ಅರ್ಧಕ್ಕೆ ಬಿಡೋನು ನನ್ನ ಮಗನೇ ಅಲ್ಲ. ಕೊನೆಯ ಎಳೆಯವರೆಗೂ ಕೊಯ್ಯಿ."

ಬರಮನ ಕೈ ತಾನಾಗೇ ಒತ್ತಿತು. ಇಪ್ಪತ್ತು ವರ್ಷದ ರೂಢಿ, ಸುಲಭಕ್ಕೆ ಹೋಗುತ್ತದೆಯೇ? ಅಪ್ಪನ ಮೇಲೆ ಅವನಿಗೆ ಪ್ರಾಣ. ಅವನು ಕಣ್ಣೆತ್ತಿ ಸೋಬಕ್ಕನನ್ನು ನೋಡಿದ. ಅವಳು ಬಲಗೈಯ ಎರಡು ಬೆರಳು ಎತ್ತಿ ತೋರಿಸಿದಳು. ಅಪ್ಪಾ, ನನ್ನ ಮಗಳು ಒಳಗಿದ್ದಾಳೆ ಎಂದು ಬರಮ ಮನಸ್ಸಿನಲ್ಲೇ ಹೇಳಿ, ಗರಗಸ ಹೊರಗೆಳೆದು ಆರಿಸಿಬಿಟ್ಟ.

ಎಲ್ಲ ನಿಶ್ಶಬ್ದವಾಯಿತು. ಮರ ಅಲುಗಲಿಲ್ಲ. ಮನೆಯೊಳಗೆ ಮಗು ಅಳುವುದು ಕೇಳಿಸಿತು. ಬೂದಿಗಣ್ಣ ಕುರ್ಚಿಯಲ್ಲಿ ಕೂತು ಹೊಟ್ಟೆ ಹಿಡಿದು ನಗುತ್ತಿದ್ದ. ಬರಮ ಸುತ್ತಿಗೆ ಎತ್ತಿ ಬೆಣೆಗೆ ಹೊಡೆದ. ಒಂದು ಏಟಿಗೆ ಕೊಂಬೆಗಳು ಹೆಂಚಿನಿಂದ ಒಂದು ಅಂಗುಲ ಮೇಲೆದ್ದವು. ಇನ್ನೊಂದು ಏಟಿಗೆ ಒಂದು ಗೇಣು. ಅವನು ಎಣಿಸದೆ ಹೊಡೆದ, ಅಂಗೈ ಒಡೆಯುವವರೆಗೆ ಹೊಡೆದ. ಮರ ನೆಟ್ಟಗಾಯಿತು, ಒಂದು ಗಳಿಗೆ ಯೋಚಿಸುವಂತೆ ನಿಂತಿತು, ಆಮೇಲೆ ಆ ಎರಡು ಬೆರಳಿನ ಮೇಲೆ ತಿರುಗಿ ಬಯಲಿನತ್ತ ಬಾಗಿತು.

ಬೂದಿಗಣ್ಣ ಕೂತಲ್ಲಿಂದ ಏಳಲಿಲ್ಲ. ವಾಲಿದ ಮರ ತನ್ನ ಕಡೆ ಬೀಳುವುದಿಲ್ಲವೆಂದು ಅವನು ಕೊನೆಯ ಗಳಿಗೆಯವರೆಗೂ ನಂಬಿದ್ದ. ಮರ ಬಿದ್ದ ಸದ್ದಿಗೆ ಮೂರು ಬೆಟ್ಟ ನಡುಗಿದವು. ಅದರಡಿ ಆಮೇಲೆ ಹುಡುಕಿದರೆ ಮುರಿದ ಕುರ್ಚಿ ಮತ್ತು ಒಂದು ಮೊರ ಬೂದಿ ಸಿಕ್ಕಿತು, ಅದನ್ನು ಗಾಳಿ ತೆಗೆದುಕೊಂಡು ಹೋಯಿತು.

ಮಾಟ ಮುರಿಯಿತೋ ಇಲ್ಲವೋ, ದಾಟಿ ನೋಡದೆ ತಿಳಿಯುವಂತಿರಲಿಲ್ಲ. ತಡಿ, ಮೊದಲು ನಾನು ಒಳಗೆ ಬಂದು ದಾಟುತ್ತೇನೆ ಎಂದು ಬರಮ ಹೇಳುವಷ್ಟರಲ್ಲಿ ಹೊನ್ನಾಯಿ ಮಗುವನ್ನು ಒಳಗೆ ಮಲಗಿಸಿ, ತಾನೊಬ್ಬಳೇ ಹೊಸಿಲಾಚೆ ಕಾಲಿಟ್ಟಳು. ಬರಮ ಅವಳ ಪಾದವನ್ನೇ ನೋಡಿದ. ಬೇರು ಬರಲಿಲ್ಲ, ಎಲೆ ಬರಲಿಲ್ಲ. ಅವಳು ತಿರುಗಿ ಹೋಗಿ ಮಗಳನ್ನು ಎತ್ತಿಕೊಂಡು ಬಂದಳು.

ಬರಮ ಕೈ ಚಾಚಿದ, ಹಿಂದಕ್ಕೆಳೆದುಕೊಂಡ. ಒಡೆದ ಅಂಗೈಯಲ್ಲಿ ಇನ್ನೂ ರಕ್ತ ಒಸರುತ್ತಿತ್ತು. ಹೊನ್ನಾಯಿ ಅವನನ್ನು ಅಂಗಳದಲ್ಲಿ ಕೂರಿಸಿ ಮಗುವನ್ನು ತೊಡೆಯ ಮೇಲಿಟ್ಟಳು. ಮರಗಳು ಹೋಗಿ ಆಕಾಶ ತೆರೆದಿತ್ತು. ಹುಟ್ಟಿ ಹನ್ನೊಂದು ದಿನ ಕತ್ತಲೆಯಲ್ಲೇ ಇದ್ದ ಆ ಮುಖದ ಮೇಲೆ ಮೊದಲ ಸಲ ಬಿಸಿಲು ಬಿತ್ತು. ಮಗು ಕಣ್ಣು ಕಿರಿದು ಮಾಡಿ ಸೀನಿತು. ಬರಮ ಗಳಗಳನೆ ಅತ್ತ. ಸೋಬಕ್ಕ ಬೇರೆ ಕಡೆ ತಿರುಗಿ, ಗರಗಸದ ಹಲ್ಲು ಒರೆಸುತ್ತ ಕೂತಳು.

ಮರುದಿನ ತೊಟ್ಟಿಲಿಗೆ ಊರಿಗೆ ಊರೇ ಬಂತು, ರಾಜರೂ ಈ ಸಲ ಎರಡು ತಟ್ಟೆ ಹಣ್ಣು ತಂದರು. ಚಳಿಗೆರೆಯ ಕಾಡು ಉಳಿಯಿತು, ಬರಮನ ಮನೆ ಉಳಿಯಿತು, ಎಲ್ಲರೂ ಹೊಟ್ಟೆ ತುಂಬ ಉಂಡು ಬಹಳ ಕಾಲ ಸುಖವಾಗಿ ಬಾಳಿದರು. ಅವರ ಪಾಲಿನ ಸುಖ ನಮಗೂ ನಿಮಗೂ ಸಿಗಲಿ.