ಅಕ್ಕನ ಹಾಡಿನ ರಿಂಗ್‌ಟೋನ್

"ಅವ್ವಾ, ಎತ್ತಬೇ! ಲಗೂ ಎತ್ತ!"

ಮಾಯಾ ಆಡಿನ ದಡ್ಡಿಯಿಂದ ಓಡಿ ಬಂದಳು. ಕೈಯಲ್ಲಿದ್ದ ಹುಲ್ಲು ಅಂಗಳದಲ್ಲೇ ಚೆಲ್ಲಿತು. ಅವ್ವ ತಾರವ್ವ ಒಲೆಯ ಮುಂದೆ ಫೋನ್ ಹಿಡಿದು ನಿಂತಿದ್ದಳು. ಫೋನ್ ಹಾಡುತ್ತಿತ್ತು.

"ತೆನಿಯಾಗ ಹಾಲ್ಗಾಳ ತುಂಬ್ಯಾವ, ಬಾರ ನನ ಗಿಣಿಯೇ..."

ಹಾಡು ಥಟ್ಟನೆ ನಿಂತಿತು.

"ಹ್ವಾತ! ಸೀಮಕ್ಕಂದ ಇತ್ತ!" ಮಾಯಾ ಫೋನ್ ಕಸಿದುಕೊಂಡು ತಿರುಗಿ ಹಚ್ಚಿದಳು. ಬಿಜಿ. ಮತ್ತೆ ಹಚ್ಚಿದಳು. ಮತ್ತೆ ಬಿಜಿ.

ಅಕ್ಕ ಸೀಮಾ ಜೂನ್ ತಿಂಗಳಿಂದ ಚಿಕ್ಕೋಡಿಯ ಒಂದು ವಸತಿ ಶಾಲೆಯಲ್ಲಿದ್ದಳು. ಅಲ್ಲಿ ಹುಡುಗಿಯರಿಗೆಲ್ಲ ಸೇರಿ ಒಂದೇ ಫೋನ್. ಭಾನುವಾರ ಸಂಜೆ ಐದರಿಂದ ಆರರವರೆಗೆ ಸಾಲಿನಲ್ಲಿ ನಿಂತು ಮಾತಾಡಬೇಕು. ಒಮ್ಮೆ ತಪ್ಪಿದರೆ ಮುಂದಿನ ಭಾನುವಾರವೇ.

"ಯಾಕ ಎತ್ತಲಿಲ್ಲಬೇ?"

"ಎತ್ತಬೇಕ ಅನ್ನೂದ್ರಾಗ ಬಂದ್ ಆತಲ್ಲ," ಎಂದು ಅವ್ವ ರೊಟ್ಟಿ ತಿರುವಿದಳು. ರೊಟ್ಟಿ ಒಂದು ಕಡೆ ಕರ್ರಗಾಗಿತ್ತು.

ಆ ರಿಂಗ್‌ಟೋನ್ ಅದೇ ವಾರ ಮಾಡಿದ್ದು ಮಾಯಾನೇ. ಸೀಮಾ ಶಾಲೆಗೆ ಹೋಗುವ ಹಿಂದಿನ ದಿನ ಹಾಡಿದ್ದನ್ನು ಅವ್ವನ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದಳು. ಹಾಡು ಕತ್ತರಿಸುವ ಆ್ಯಪ್ ತೋರಿಸಿಕೊಟ್ಟವನು ಪಕ್ಕದ ಮನೆಯ ಅಮೋಲ. ಸ್ಕ್ರೀನಿನ ಮೇಲೆ ಅಕ್ಕನ ಧ್ವನಿ ಸಣ್ಣ ದೊಡ್ಡ ಗುಡ್ಡಗಳ ಸಾಲಿನ ಹಾಗೆ ಕಾಣುತ್ತಿತ್ತು. ಆ ಕಡೆ ಒಂದು ಗೆರೆ, ಈ ಕಡೆ ಒಂದು ಗೆರೆ. ಮಾಯಾ ಗೆರೆಗಳನ್ನು ಎಳೆದೆಳೆದು, ಮಧ್ಯದ ಚಂದದ ಮೂವತ್ತು ಸೆಕೆಂಡು ಉಳಿಸಿಕೊಂಡಿದ್ದಳು. ಓಣಿಯವರೆಲ್ಲ ಹೊಗಳಿದ್ದರು.

ಆ ವಾರವೆಲ್ಲ ಮಾಯಾಗೆ ಸಮಾಧಾನವೇ ಇರಲಿಲ್ಲ. ಅವ್ವನಿಗೆ ಕೇಳಿಸುತ್ತಿಲ್ಲವೇನೋ ಎಂದು ಸೌಂಡ್ ಪೂರ್ತಿ ಏರಿಸಿದಳು. ಕ್ಲಾಸಿನಲ್ಲಿ ಕೂತರೂ ಅಕ್ಕ ಸಾಲಿನಿಂದ ಸುಮ್ಮನೆ ವಾಪಸ್ ಹೋಗುವುದೇ ಕಣ್ಣಮುಂದೆ ಬರುತ್ತಿತ್ತು. ಲೆಕ್ಕದಲ್ಲಿ ಎರಡು ಸಲ ತಪ್ಪು ಮಾಡಿ ಬೈಸಿಕೊಂಡಳು.

ಗುರುವಾರ ಅಪ್ಪ ಭೀಮಸಿ ಹೊಲದಿಂದ ಬೆವರು ಸುರಿಸುತ್ತ ಬಂದ. ಎರಡು ಹಸಿ ಮರಿಗಳು ಅವನ ಟವೆಲಿನಲ್ಲಿ ಒದ್ದಾಡುತ್ತಿದ್ದವು. ತಾಯಿ ಆಡು ಹಿಂದೆ ಹಿಂದೆ ಕೂಗುತ್ತ ಬಂತು.

"ಆಡ ಹೊಲದಾಗ ಈದೈತಿ. ಬುಟ್ಟಿ ತೊಗೊಂಡ ಬರ್ರಿ ಅನ್ನಾಕ ನಾಕ ಸರ್ತಿ ಫೋನ್ ಹಚ್ಚೀನಿ. ಒಬ್ರೂ ಎತ್ತವಲ್ರಿ!"

ಅವ್ವ ಮರಿಗಳನ್ನು ತೆಗೆದುಕೊಂಡಳು.

ರಾತ್ರಿಯ ಊಟಕ್ಕೆ ಮುಂಚೆ ಮತ್ತೆ ಫೋನ್ ಬಂತು. ಸೋದರಮಾವನದು. ಈ ಸಲ ಮಾಯಾ ಕೂಗಲಿಲ್ಲ. ಬಾಗಿಲ ಸಂದಿಯಲ್ಲಿ ನಿಂತು ನೋಡಿದಳು.

ಅವ್ವ ಫೋನ್ ಕೈಗೆತ್ತಿಕೊಂಡಳು. ಹೆಬ್ಬೆರಳು ಹಸಿರು ಗುಂಡಿಯ ಹತ್ತಿರ ಹೋಯಿತು. ಅಲ್ಲೇ ನಿಂತಿತು. "ಬಾರ ನನ ಗಿಣಿಯೇ" ಎಂದಾಗ ಅವಳ ತುಟಿಯೂ ಅಲುಗಿತು. ಹಾಡು ಮುಗಿಯುವವರೆಗೂ ಬೆರಳು ಕೆಳಗಿಳಿಯಲೇ ಇಲ್ಲ.

"ಅವ್ವಾ," ಎಂದಳು ಮಾಯಾ ಮೆಲ್ಲಗೆ.

ಅವ್ವ ಬೆಚ್ಚಿದಳು. "ಹಸರ ಒತ್ತಿದ್ರ ಹಾಡ ನಿಂದರತೈತಲ್ಲ," ಎಂದು ಸೆರಗಿನಿಂದ ಫೋನ್ ಒರೆಸತೊಡಗಿದಳು.



ಭಾನುವಾರ ನಾಲ್ಕೂವರೆಗೆ ಮಾಯಾ ಫೋನ್ ಹಿಡಿದು ಕಟ್ಟೆಯ ಮೇಲೆ ಕೂತಳು. ರಿಂಗ್‌ಟೋನ್ ಪಟ್ಟಿ ತೆಗೆದಳು. ಮುಚ್ಚಿದಳು. ಮತ್ತೆ ತೆಗೆದಳು. ಇಷ್ಟು ಚಂದ ಕತ್ತರಿಸಿದ್ದು! ಕೊನೆಗೆ ಕಣ್ಣು ಮುಚ್ಚಿಕೊಂಡು, ಫೋನಿನ ಜೊತೆಗೇ ಬಂದಿದ್ದ ಟ್ರಿಣ್ ಟ್ರಿಣ್ ಒತ್ತಿಬಿಟ್ಟಳು.

"ಹಾಡ ಎಲ್ಲಿ ಹ್ವಾತ?" ಟ್ರಿಣ್ ಸದ್ದು ಕೇಳಿ ಒಳಗಿಂದ ಬಂದ ಅವ್ವನ ಮುಖ ಸಣ್ಣಗಾಯಿತು.

"ಎಲ್ಲೂ ಹೋಗಿಲ್ಲಬೇ. ನೋಡ, ಇಲ್ಲಿ ಮುಟ್ಟ. ಬೇಕಾದಾಗ ಕೇಳಬಹುದು. ಪೂರ್ತಿ ಹಾಡ ಐತಿ."

ಅವ್ವ ಮುಟ್ಟಿ ನೋಡಲಿಲ್ಲ. ಸಿಟ್ಟಾದಳೇನೋ ಎಂದುಕೊಂಡಳು ಮಾಯಾ. ಐದು ಗಂಟೆಯಾಯಿತು. ಐದೂ ಹತ್ತು. ಅಕ್ಕ ಈ ವಾರ ಸಾಲಿನಲ್ಲಿ ನಿಲ್ಲದೇ ಹೋದರೆ?

ಟ್ರಿಣ್!

ಎರಡನೆಯ ಟ್ರಿಣ್ ಆಗುವ ಮೊದಲೇ ಅವ್ವ ಹಸಿರು ಒತ್ತಿದ್ದಳು. "ಸೀಮಾ? ಹ್ಯಾಂಗದೀಯವಾ?"

ಮಾಯಾ ಇನ್ನೊಂದು ಕಡೆಯಿಂದ ಫೋನಿಗೆ ಕಿವಿ ತಾಗಿಸಿದಳು. ಅಕ್ಕನ ಧ್ವನಿ ಕಟ್ಟಿಕೊಂಡಂತಿತ್ತು.

"ಈಗ ಆರಾಮ ಅದೀನಬೇ. ಹ್ವಾದ ವಾರ ಮೂರ ದಿನ ಜ್ವರ ಇತ್ತ. ಹ್ವಾದ ರವಿವಾರ ಜ್ವರದಾಗ ನಿನ್ನ ಕೂಡ ಮಾತಾಡಬೇಕ ಅನಿಸಿತ್ತ. ನೀ ಎತ್ತಲಿಲ್ಲ."

ಅವ್ವ ಫೋನನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

ರಿಂಗ್‌ಟೋನಿನ ಸುದ್ದಿ ಹೇಳಿ ಅಕ್ಕನನ್ನು ಬೆರಗುಗೊಳಿಸಬೇಕೆಂದು ಮಾಯಾ ಎಷ್ಟೋ ದಿನಗಳಿಂದ ಕಾದಿದ್ದಳು. ಈಗ ಆ ಮಾತು ನಾಲಿಗೆಯವರೆಗೂ ಬರಲಿಲ್ಲ.

"ಅಕ್ಕಾ," ಎಂದಳು, "ಜ್ವರ ಬಂದಾಗ ನಿನ್ನ ಬಾಜೂಕ ಯಾರ ಇದ್ರ?"

ಸೀಮಾ ನಿಧಾನವಾಗಿ ಹೇಳತೊಡಗಿದಳು. ಮಾಯಾ ಅವ್ವನ ಕೈಯ ಮೇಲೆ ಕೈ ಇಟ್ಟು, ಫೋನನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.