ತಣ್ಣಗಿನ ಒಂದು ಗೇಣು

ನಂಬುವುದೂ ಬಿಡುವುದೂ ನಿಮಗೆ ಸೇರಿದ್ದು. ನಮ್ಮ ತೈಲಬಾವಿಗಳಲ್ಲಿ ಕಚ್ಚಾ ಎಣ್ಣೆ ಡಾಂಬರಿನಷ್ಟು ಮಂದ. ಪೈಪಿನಲ್ಲಿ ಬಿಸಿ ಹಬೆ ನುಗ್ಗಿಸಿದರೆ ಮಾತ್ರ ಕರಗಿ ಮೇಲೆ ಬರುತ್ತದೆ. ಹಬೆ ಬಿಡುವ ಮುನ್ನ ನಾವು ಸ್ಪ್ಯಾನರಿನಿಂದ ಪೈಪಿಗೆ ತಟ್ಟುತ್ತೇವೆ. ಯಾರಾದರೂ ಪೈಪಿನ ಕೆಲಸದಲ್ಲಿದ್ದರೆ ತಿರುಗಿ ತಟ್ಟಬೇಕು. ಹಾಗೆ ತಟ್ಟಿದರೆ ಹಬೆ ಬಿಡುವಂತಿಲ್ಲ.

ಆ ಬೆಳಿಗ್ಗೆ ನನ್ನ ಭಾವ ಬಾವಿಯ ಬಳಿ ಪೈಪು ಬಿಚ್ಚಿಕೊಂಡು ಕೂತಿದ್ದು ನನಗೆ ಗೊತ್ತಿರಲಿಲ್ಲ. ನಾನು ತಟ್ಟಿದೆ. ಟಕ್, ಟಕ್ ಎಂದು ಉತ್ತರ ಬಂತು. "ಯಾವನಪ್ಪಾ ಇವನು, ಟೀ ಹೊತ್ತಲ್ಲಿ!" ಎಂದು ಗೊಣಗಿ ಮತ್ತೆ ತಟ್ಟಿದೆ. ಮತ್ತೆ ಅದೇ ಉತ್ತರ. ಸಿಟ್ಟಿನಿಂದ ಪೈಪಿನುದ್ದಕ್ಕೂ ನಡೆದುಹೋದೆ.

ಪೈಪಿನ ತೆರೆದ ಬಾಯಿಗೆ ಮುಖವೊಡ್ಡಿ ಭಾವ ಬಟ್ಟೆಯಿಂದ ಒಳಗಿನ ಜಿಡ್ಡು ಒರೆಸುತ್ತಿದ್ದರು. ಓಡಿಹೋಗಿ ಅವರ ಭುಜ ಹಿಡಿದು ಈಚೆಗೆಳೆದೆ.

"ಸದ್ಯ, ತಿರುಗಿ ತಟ್ಟಿದ್ರಲ್ಲ ಭಾವ!"

ಭಾವ ಕಿವಿಯಲ್ಲಿದ್ದ ಹತ್ತಿ ತೆಗೆದರು. "ಏನಂದೆ?" ಮತ್ತೆ ಹೇಳಿದೆ. "ನಾನೆಲ್ಲಿ ತಟ್ಟಿದೆ? ನೀನು ತಟ್ಟಿದ್ದೇ ಕೇಳಿಸ್ಲಿಲ್ಲ ಕಣೋ."

ಅವರನ್ನು ತಬ್ಬಿಕೊಂಡೆ. ಅಕ್ಕನಿಗೆ ಮುಖ ತೋರಿಸುವ ಹಾಗೆ ಉಳಿದೆನಲ್ಲ, ಅಷ್ಟೇ ಸಾಕೆನಿಸಿತು. ನಗುತ್ತಲೇ ಇಬ್ಬರೂ ಹಿಂದಿರುಗಿದೆವು. ದಾರಿಯ ನಡುವೆ ಸುಮ್ಮನೆ ಪೈಪಿನ ಮೇಲೆ ಕೈಯಿಟ್ಟೆ. ಬಿಸಿಲಿಗೆ ಕಾದ ಪೈಪಿನಲ್ಲಿ ಒಂದು ಗೇಣು ಜಾಗ ಮಾತ್ರ ಮಂಜಿನಂತೆ ಕೊರೆಯುತ್ತಿತ್ತು, ಮೇಲೆಲ್ಲ ನೀರಹನಿ.

ಈಗಲೂ ಹಬೆ ಹರಿಯುವಾಗ ಆ ಪೈಪನ್ನು ಮುಟ್ಟಿದರೆ ಚರ್ಮ ಸುಲಿದುಹೋಗುತ್ತದೆ. ಆ ಒಂದು ಗೇಣಿನ ಮೇಲೆ ಮಾತ್ರ ನಾನು ದಿನಾ ಅಂಗೈ ಇಟ್ಟು ಬರುತ್ತೇನೆ.