ಸುರುಳಿಗಡ್ಡನ ಕೆಂಪು ದಾರ

ಒಂದಾನೊಂದು ಕಾಲದಲ್ಲಿ ಮಣಿಗಿರಿ ಎಂಬ ರಾಜ್ಯವಿತ್ತು. ಅಲ್ಲಿಯ ಜನ ಚೌಕಾಸಿ ಮಾಡದೆ ಒಂದು ಬದನೆಕಾಯಿಯನ್ನೂ ಕೊಂಡವರಲ್ಲ. ಆಗೆಲ್ಲ ಅವರು ಬೆಲೆ ಹೇಳುತ್ತಿದ್ದರು, ಬೆಲೆ ಕೇಳುತ್ತಿದ್ದರು. ಬೆಲೆ ಕಟ್ಟುತ್ತಿರಲಿಲ್ಲ. ಆ ಮಾತು ಹುಟ್ಟಿದ್ದು ಹೇಗೆ ಅಂತೀರಾ? ಕೇಳಿ.

ಒಂದು ದಿನ ಸುರುಳಿಗಡ್ಡನೆಂಬ ಮಾಂತ್ರಿಕ ಕೆಂಪು ದಾರ ಹಿಡಿದು ಬಂದ. ಕಣ್ಣಿಗೆ ಬಿದ್ದದ್ದಕ್ಕೆ ದಾರ ಕಟ್ಟಿ ಒಂದು ಬೆಲೆ ಹೇಳುವನು. ಒಡೆಯ ಚೌಕಾಸಿಗೆ ಇಳಿದನೋ, ದಾರ ಬಿಗಿಯಿತು, ವಸ್ತು ಮಾಂತ್ರಿಕನ ಪಾಲಾಯಿತು!

ರಾಜನ ಬಿಳಿಯಾನೆಗೆ ಕಟ್ಟಿ, "ಒಂದು ಬುಟ್ಟಿ ಬೆಲ್ಲ" ಎಂದ.

"ಹತ್ತು ಬುಟ್ಟಿಗೆ ಕಡಿಮೆಯಿಲ್ಲ!" ಎಂದ ರಾಜ. ಆನೆ ಮಾಯ.

ಊರ ಬಾವಿಗೆ ಕಟ್ಟಿ, "ಒಂದು ಕೊಡ ಎಣ್ಣೆ" ಎಂದ.

"ಎರಡು ಮಾಡು!" ಎಂದರು ಊರ ಹಿರಿಯರು. ಬಾವಿಯೂ ಮಾಯ.

ಮೂರನೆಯದಾಗಿ ಅವನು ತುಂಗಿಯ ಗುಡಿಸಲಿಗೆ ಬಂದ. ತುಂಗಿ ಪ್ರಶ್ನೆ ಕೇಳದೆ ಊಟವನ್ನೂ ಮಾಡದ ಹುಡುಗಿ. ಅವಳಿಗೆ ಲೋಕದಲ್ಲಿ ಇದ್ದವಳು ಅಜ್ಜಿಯೊಬ್ಬಳೇ. ಮಾಂತ್ರಿಕ ಆ ಅಜ್ಜಿಯ ಕೈಗೇ ದಾರ ಕಟ್ಟಿ, "ಮೂರು ಕುಂಬಳಕಾಯಿ" ಎಂದ.

"ಏನಂದ್ಯೋ? ನಾನು ಬರೀ ಮೂರು..." ಅಜ್ಜಿ ಸಿಡಿದಳು. ದಾರ ಅರ್ಧ ಬಿಗಿಯಿತು. ಆನೆ, ಬಾವಿ ಹೋದದ್ದು ಹೇಗೆಂದು ಊರವರನ್ನೆಲ್ಲ ಕೇಳಿ ತಿಳಿದಿದ್ದ ತುಂಗಿ ಓಡಿಬಂದು ಅಜ್ಜಿಯ ಬಾಯಿ ಮುಚ್ಚಿದಳು.

"ಮೂರು ಊರು ಕೊಡುತ್ತೇನೆ" ಎಂದ ಮಾಂತ್ರಿಕ.

ತುಂಗಿ ತುಟಿ ಬಿಚ್ಚಲಿಲ್ಲ.

"ಮೂರು ರಾಜ್ಯ!"

ಆಗಲೂ ಬಿಚ್ಚಲಿಲ್ಲ. ಆದರೆ ಕುತೂಹಲ ತಡೆಯಬೇಕಲ್ಲ! "ಅಯ್ಯಾ, ಈ ದಾರ ಯಾರಿಗೆ ಕಟ್ಟಿದರೂ ಬಿಗಿಯುತ್ತದೆಯೇ?"

"ಯಾರಿಗೆ ಕಟ್ಟಿದರೂ!" ಎಂದು ಮಾಂತ್ರಿಕ ಬೀಗಿದ.

ತುಂಗಿ ದಾರದ ಇನ್ನೊಂದು ತುದಿಯನ್ನು ಅವನ ಮುಂಗೈಗೇ ಸುತ್ತಿ ಗಂಟು ಹಾಕಿದಳು. "ಒಂದು ಹಿಡಿ ಹೊಟ್ಟು" ಎಂದಳು.

ಮಾಂತ್ರಿಕನ ಮುಖ ಕೆಂಡವಾಯಿತು. "ಹೊಟ್ಟಾ? ನನಗೇ? ಒಂದು ಮೂಟೆ ಮುತ್ತಾದರೂ ಹೇಳಬೇಡವೇ!"

ಚೌಕಾಸಿಗೆ ಇಳಿದೇಬಿಟ್ಟ! ದಾರ ಬಿಗಿಯಿತು. ಮಾಂತ್ರಿಕ ತುಂಗಿಯ ಪಾಲಾದ.

"ಮೊದಲು ಅಜ್ಜಿಯ ಗಂಟು ಬಿಚ್ಚು. ಆಮೇಲೆ ಕದ್ದದ್ದನ್ನೆಲ್ಲ ತಂದಿಡು. ಕೊನೆಗೆ ದಾರವನ್ನು ಒಲೆಗೆ ಹಾಕು" ಎಂದಳು ತುಂಗಿ. ಆನೆ ಬಂತು, ಬಾವಿ ಬಂತು. ದಾರ ಉರಿದು ಬೂದಿಯಾಯಿತು, ಜೊತೆಗೆ ಅವನ ಮಾಯಾವಿದ್ಯೆಯೂ ಸುಟ್ಟುಹೋಯಿತು. ಬರಿಗೈಯಾದವನನ್ನು ತುಂಗಿ, "ಹೋಗು, ದುಡಿದು ತಿನ್ನು" ಎಂದು ಬಿಟ್ಟುಬಿಟ್ಟಳು.

ದಾರ ಹೋದರೂ 'ಬೆಲೆ ಕಟ್ಟುವುದು' ಎಂಬ ಮಾತು ಉಳಿಯಿತು. ಅಂದಿನಿಂದ ಮಣಿಗಿರಿಯವರು ಸಂತೆಯ ಸರಕಿಗೆ ಬೆಲೆ ಕಟ್ಟುತ್ತಾರೆ, ಮನೆಯವರಿಗೆ ಕಟ್ಟುವುದಿಲ್ಲ.

ರಾಜನೇ ಗುಡಿಸಲಿಗೆ ಬಂದ. "ಮಗಳೇ, ನಿನ್ನ ಉಪಕಾರಕ್ಕೆ ಎಷ್ಟು..." ಎಂದವನು ತಟ್ಟನೆ ನಾಲಿಗೆ ಕಚ್ಚಿಕೊಂಡ. "ಅಜ್ಜಿಯನ್ನು ಕರೆದುಕೊಂಡು ಊಟಕ್ಕೆ ಬಾರಮ್ಮ" ಎಂದ.

ಆ ಊಟದಲ್ಲಿ ಹಸಿದು ಎದ್ದವರಿಲ್ಲ, ಆಮೇಲೆ ಆ ರಾಜ್ಯದಲ್ಲಿ ಅತ್ತು ಮಲಗಿದವರೂ ಇಲ್ಲ.